ಕಾರಿನೊಳಗಿನ ಕಡಲೆಕಾಯಿ ಸಿಪ್ಪೆ

“ನನ್ನನ್ನ ಅನುಮಾನದ ಮುದುಕಿ ಅಂತಾರೆ. ಅನ್ನಲಿ ಬಿಡಿ. ಬೆನ್ನ ಹಿಂದೆ ಅಂತಾರೆ, ನನ್ನ ಬೆನ್ನಿಗೂ ಕಿವಿ ಇದೆ. ನಾನು ಹುಟ್ಟಿದ್ದು ಹತ್ತಿ ಗಿರಣಿ ಮನೆಗಳ ಸಾಲಲ್ಲಿ. ಗಿರಣಿ ಕೂಗಿದ್ರೆ ಏಳೋದು, ಗಿರಣಿ ಕೂಗಿದ್ರೆ ಮಲಗೋದು. ನಮ್ಮಪ್ಪಂಗೆ ಅವರಪ್ಪ ಸಾಯೋವಾಗ ಒಂದು ಜೇಬು ಗಡಿಯಾರ ಬಿಟ್ಟುಹೋದ. ಅದನ್ನ ಜೇಬಲ್ಲಿಟ್ಕೊಂಡು ಕೆಲಸಕ್ಕೆ ಹೋದ ಮೊದಲನೇ ದಿವಸಾನೇ ಗೊತ್ತಾಯ್ತು, ಗಿರಣಿ ಗೋಡೆ ಮೇಲಿನ ಗಡಿಯಾರ ಬೆಳಗ್ಗೆ ಓಡತ್ತೆ, ಸಾಯಂಕಾಲ ಕುಂಟತ್ತೆ ಅಂತ. ಯಾರೋ ದಿನಾ ಮುಳ್ಳು ತಿರುಗಿಸ್ತಿದ್ರು. ಇಡೀ ಸಾಲು ವರ್ಷಗಟ್ಟಲೆ ಅದನ್ನೇ ನೋಡ್ಕೊಂಡು ಬದುಕಿತ್ತು. ಅಪ್ಪ ಮನೆಗೆ ಬಂದು ಕೂಗಾಡ್ಲಿಲ್ಲ. ಕೈ ತೊಳ್ಕೊಂಡು, ‘ವೀಡಾ, ಗೋಡೆ ಮೇಲಿರೋದನ್ನ ನಂಬಬೇಡ ಮಗಳೇ, ನಿನ್ನ ಜೇಬಲ್ಲಿರೋದನ್ನ ನಂಬು’ ಅಂದ. ಅವತ್ತಿಂದ ನಾನು ಹೀಗೇ. ಅಂಗಡೀಲಿ ಮೊಟ್ಟೆ ತಗೊಂಡ್ರೆ ಒಂದೊಂದನ್ನೂ ಕಿವಿ ಹತ್ರ ಅಲ್ಲಾಡಿಸ್ತೀನಿ. ಪಾದ್ರಿ ಪ್ರಾರ್ಥನೆ ಮಾಡೋವಾಗ ಒಂದು ಕಣ್ಣು ತೆಗೆದಿಟ್ಟಿರ್ತೀನಿ. ದೇವರ ಮೇಲೆ ಅನುಮಾನ ಇಲ್ಲಪ್ಪ, ಪಾದ್ರಿ ಮೇಲೆ. ಟ್ರೀನಾಳ ಹೆಲ್ಮೆಟ್ ಚೀಲಕ್ಕೆ ನನ್ನದೇ ದಾರ, ನನ್ನದೇ ಗಂಟು. ನಾನು ಹಾಕಿದ ಗಂಟು ಹಾಗೇ ಇದ್ರೆ ಮಾತ್ರ ಅವಳು ಬಿಚ್ಚಬೇಕು. ನೋಡಿ ನಗ್ತಾರೆ. ನಗಲಿ. ಗಂಟೆಗೆ ಇನ್ನೂರು ಮೈಲಿ ಓಡೋ ಕಾರಲ್ಲಿ ಕೂತಿರೋದು ಅವರ ಮಗಳಲ್ಲ, ನನ್ನ ಮಗಳು.”

ವೀಡಾ ಲ್ಯಾಕಿ ಇದನ್ನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಅಲಬಾಮಾದ ಆ ಕೆಂಪು ಮಣ್ಣಿನ ಸೀಮೆಯಲ್ಲಿ ಅವಳ ಅನುಮಾನ ಅವಳ ಮಜ್ಜಿಗೆ ಬನ್ನಿನಷ್ಟೇ ಹೆಸರುವಾಸಿ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿರಲಿಲ್ಲ. ಇನ್ನಾಗುವುದಿಲ್ಲವೆಂದು ಕೈಬಿಟ್ಟ ಮೇಲೆ ಒಬ್ಬ ಡಾಕ್ಟರು, ‘ನೀವು ಬಸುರಿ’ ಎಂದರೆ ನಂಬದೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ ಕೇಳಿಸಿಕೊಂಡು ಬಂದವಳು. ಹಾಗೆ ಹುಟ್ಟಿದವಳೇ ಟ್ರೀನಾ.

ಗಂಡ ಹಾಯ್ಟ್ ಕಾರುಗಳ ತಗಡು ತಟ್ಟಿ ಬಣ್ಣ ಬಳಿಯುವವನು. ಹಗಲೆಲ್ಲ ಊರವರ ಕಾರು, ಸಂಜೆಯಾದರೆ ಹಿತ್ತಲ ಷೆಡ್ಡಿನಲ್ಲಿ ತನ್ನ ರೇಸಿನ ಕಾರು. ಮಗಳು ನಡೆಯುವುದಕ್ಕೆ ಕಲಿತದ್ದೇ ಆ ಷೆಡ್ಡಿನ ಟೈರುಗಳನ್ನು ಹಿಡಿದುಕೊಂಡು. ಬೆಳೆದವಳು ಮಣ್ಣಿನ ಟ್ರ್ಯಾಕುಗಳಲ್ಲಿ ಓಡಿಸಿದಳು, ಡಾಂಬರಿನ ಸಣ್ಣ ಟ್ರ್ಯಾಕುಗಳಲ್ಲಿ ಓಡಿಸಿದಳು. ಕೊನೆಗೆ ಹೆದ್ದಾರಿಯ ಪಕ್ಕದ ಮೊಟ್ಟೆಯಾಕಾರದ ಟ್ರ್ಯಾಕಿಗೆ, ದೊಡ್ಡ ಓವಲ್‌ಗೆ ಬಂದಳು. ಅಲ್ಲಿ ಭಾನುವಾರ ಹೆಸರಾದವರ ರೇಸು, ಅದರ ಹಿಂದಿನ ದಿನ ಷೆಡ್ಡಿನಲ್ಲಿ ಕಾರು ಕಟ್ಟಿದವರ ರೇಸು.

ದೊಡ್ಡ ಓವಲ್ ವೀಡಾಳ ಸ್ವಭಾವಕ್ಕೆ ಒಗ್ಗುವ ಜಾಗವಲ್ಲ. ಅಲ್ಲಿ ಒಂಟಿಯಾಗಿ ಓಡಿದ ಕಾರು ಎಷ್ಟೇ ಗಟ್ಟಿಯಿದ್ದರೂ ಹಿಂದೆ ಬೀಳುತ್ತದೆ. ಗಾಳಿಯನ್ನು ಸೀಳುವುದಕ್ಕೆ ಮುಂದೊಬ್ಬ ಬೇಕು, ಬೆನ್ನಿಗೆ ಆತು ತಳ್ಳುವುದಕ್ಕೆ ಹಿಂದೊಬ್ಬ ಬೇಕು. ಆ ಇಬ್ಬರೂ ಎದುರಾಳಿಗಳೇ. ಕಡೆಯ ಸುತ್ತಿನವರೆಗೆ ತಳ್ಳಿಕೊಂಡು ಬಂದವನೇ ಕಡೆಯ ಸುತ್ತಿನಲ್ಲಿ ಪಕ್ಕಕ್ಕೆ ಸರಿದು ಬಿಟ್ಟುಹೋಗಬಹುದು. “ಇದೆಂಥಾ ಆಟನಪ್ಪ, ಕಳ್ಳನ ಕೈ ಹಿಡ್ಕೊಂಡೇ ಸಂತೆ ಸುತ್ತಬೇಕು” ಎಂದು ವೀಡಾ ಗೊಣಗುತ್ತಿದ್ದಳು.

ಈ ಆಟದಲ್ಲಿ ಓಡಿಸುವವರಿಗೆ ಅಕ್ಕಪಕ್ಕ ಕಾಣುವುದಿಲ್ಲ. ತಲೆಯನ್ನು ಎರಡೂ ಕಡೆಯಿಂದ ದಿಂಬಿನಂಥ ಗಟ್ಟಿ ಕಟ್ಟು ಹಿಡಿದಿರುತ್ತದೆ. ಅದಕ್ಕೇ ಪ್ರತಿ ತಂಡಕ್ಕೂ ಒಬ್ಬ ಸ್ಪಾಟರ್. ಗ್ಯಾಲರಿಯ ನೆತ್ತಿಯ ಮೇಲೆ, ಬಿಸಿಲಿನಲ್ಲಿ, ಉಳಿದ ಸ್ಪಾಟರುಗಳ ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತು, ರೇಡಿಯೋದಲ್ಲಿ ಕಿವಿಗೆ ಹೇಳುತ್ತಿರುತ್ತಾನೆ: ಕೆಳಗೊಬ್ಬ ಇದ್ದಾನೆ, ಮೇಲೆ ಖಾಲಿ, ತಾಳು, ಹೋಗು. ಕೆಳಗೆ ಎಂದರೆ ಟ್ರ್ಯಾಕಿನ ಒಳಅಂಚು, ಮೇಲೆ ಎಂದರೆ ಹೊರಗೋಡೆಯ ಕಡೆ. ಹೋಗು ಎಂದರೆ ಹೋಗಬೇಕು.

ಟ್ರೀನಾಳ ಕಿವಿಯಲ್ಲಿ ಮಣ್ಣಿನ ಟ್ರ್ಯಾಕಿನ ದಿನಗಳಿಂದಲೂ ಇದ್ದದ್ದು ಆರ್ವೆಲ್ ಸ್ಟ್ರೌಡನ ದನಿ. ಆರ್ವೆಲ್ ಮನೆಗಳಿಗೆ ಒಳಗೋಡೆ ಹಾಕುವ ಕೆಲಸದವನು, ಹೆಂಡತಿಯನ್ನು ಕಳೆದುಕೊಂಡವನು, ಬಿಡುವಾದರೆ ಕೆರೆಯ ದಂಡೆಯಲ್ಲಿ ಗಾಳ ಹಿಡಿದು ಕೂರುವವನು. ಮೀನಿಗೆ ಕಾದು ಕಾದು ಬಂದ ತಾಳ್ಮೆ ಅವನ ದನಿಯಲ್ಲಿತ್ತು. ಅವನು ಎಂದೂ ಕಿರುಚಿದವನಲ್ಲ. ಆ ಮನೆಯಲ್ಲಿ ವೀಡಾ ದಾರ ಕಟ್ಟದೆ ಬಿಟ್ಟ ಮನುಷ್ಯನೆಂದರೆ ಅವನೊಬ್ಬನೇ.

ಆ ಬೇಸಿಗೆಯವರೆಗೆ.

ಬೇಸಿಗೆಯಲ್ಲಿ ಆರ್ವೆಲ್‌ನ ಅಕ್ಕನ ಮಗ ಬ್ರ್ಯಾಂಟ್‌ಗೆ ಅದೇ ರೇಸುಗಳಲ್ಲಿ ಒಂದು ಅನುಕೂಲಸ್ಥ ತಂಡದ ಕಾರು ಸಿಕ್ಕಿತು. ಆರ್ವೆಲ್ ಎತ್ತಿ ಆಡಿಸಿದ ಹುಡುಗ. ಭಾನುವಾರ ಚರ್ಚು ಮುಗಿದ ಮೇಲೆ ಆರ್ವೆಲ್ ಉಣ್ಣುವುದು ಆ ಅಕ್ಕನ ಮನೆಯಲ್ಲೇ. ಅಂದಿನಿಂದ ವೀಡಾಳ ಕಣ್ಣು ಆರ್ವೆಲ್ ಮೇಲೆ. ಅವನು ನಕ್ಕರೆ ಏಕೆ ನಕ್ಕ, ಸುಮ್ಮನಿದ್ದರೆ ಏಕೆ ಸುಮ್ಮನಿದ್ದ ಎಂದು ನೋಡತೊಡಗಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅಕ್ಟೋಬರ್ ಬಂತು. ವೀಡಾ ಹಿತ್ತಲಲ್ಲಿ ಕಡಲೆಕಾಯಿ ಗಿಡ ಕಿತ್ತು ಬಿಸಿಲಿಗೆ ಬೋರಲು ಹಾಕಿದಳು. ಅದರ ಪಕ್ಕದ ತಂತಿಯಲ್ಲಿ, ಟ್ರೀನಾಳ ಕಾರಿನ ಸೀಟಿಗೆ ತಾನೇ ಹೊಲಿದ ಗವಸನ್ನು ಒಗೆದು ಒಣಗಹಾಕಿದಳು. ಗವಸನ್ನು ಬೇರೆಯವರ ಕೈಗೆ ಕೊಡುವವಳಲ್ಲ. ಲಾಂಡ್ರಿಯವರು ಅದಕ್ಕೆ ಏನು ಮಾಡುತ್ತಾರೋ ಯಾರಿಗೆ ಗೊತ್ತು. ಗಿಡದ ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದಳು, ಚಪ್ಪಲಿ ಬದಲಿಸಿದಳು, ಆಮೇಲೆ ಷೆಡ್ಡಿನ ಕಡೆ ಹೋದಳು. ಆ ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು: ರೇಸಿನ ಕಾರಿನ ಹತ್ತಿರ ಸಿಪ್ಪೆಯ ಕಡಲೆಕಾಯಿ ತರಬಾರದು. ಹುರಿದ ಬೀಜ ತಿನ್ನಬಹುದು, ಸಿಪ್ಪೆ ಮಾತ್ರ ಬರಬಾರದು. ಹಿಂದೆಲ್ಲ ನುಜ್ಜುಗುಜ್ಜಾದ ಕಾರುಗಳ ಒಳಗೆ ಸಿಪ್ಪೆ ಸಿಕ್ಕುತ್ತಿತ್ತಂತೆ. ಯಾರಿಗೋ ಕೇಡು ಬಯಸಿದವರು ಬೇಕೆಂದೇ ಹಾಕುತ್ತಿದ್ದರಂತೆ. ಹಾಯ್ಟ್ ದೆವ್ವ ನಂಬುವವನಲ್ಲ, ಇದನ್ನು ನಂಬುತ್ತಿದ್ದ.

ಶುಕ್ರವಾರ ಅವರು ಓವಲ್‌ನ ಒಳಬಯಲಿನಲ್ಲಿ ಬಿಡಾರ ಹೂಡಿದರು. ಪಕ್ಕದಲ್ಲಿ, ಪ್ರತಿ ವರ್ಷದ ಹಾಗೆ, ಹಳೇ ಸ್ಕೂಲು ಬಸ್ಸಿಗೆ ಸುಣ್ಣದ ಬಣ್ಣ ಬಳಿದುಕೊಂಡು ಬರುವ ಲವೋನ್. ಖಾಲಿ ಲೋಟ ಹಿಡಿದು ಬಂದಳು.

“ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ ಕಣೇ ವೀಡಾ.”

“ಹೇಳೋಕೇ ಬಂದಿದೀಯ. ಕೂತ್ಕೊಂಡು ಹೇಳು, ನಿಂತು ಹೇಳಿದ್ರೆ ಬೇಗ ಮುಗಿದುಹೋಗತ್ತೆ.”

“ಅಯ್ಯೋ, ಚಾಡಿ ಹೇಳೋಕೆ ಬಂದಿಲ್ಲಮ್ಮ. ಸಕ್ಕರೆ ಕೇಳೋಕೆ ಬಂದೆ.”

“ಸಕ್ಕರೆ ಅಲ್ಲಿದೆ. ಈಗ ಹೇಳು.”

ಲವೋನ್ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು. “ನಿಮ್ಮ ಆರ್ವೆಲ್ಲು ಅವನ ಅಕ್ಕನ ಮಗನ ಲಾರಿ ಹಿಂದ್ಗಡೆ ನಿಂತಿದ್ದ. ಇಬ್ರೂ ತಲೆಗೆ ತಲೆ ಕೊಟ್ಕೊಂಡು. ಆರ್ವೆಲ್ಲು ಅಂಗೈ ಮೇಲೆ ಬೆರಳಲ್ಲಿ ಗೀಚಿ ಗೀಚಿ ಏನೋ ತೋರಿಸ್ತಿದ್ದ. ನಾನು ಹತ್ರ ಬಂದ ತಕ್ಷಣ ಮುಷ್ಟಿ ಮುಚ್ಚಿಬಿಟ್ಟ. ‘ಏನಮ್ಮ ಲವೋನ್, ಚೆನ್ನಾಗಿದೀಯಾ’ ಅಂದ. ನನ್ನನ್ನ ಯಾವತ್ತಾದ್ರೂ ಚೆನ್ನಾಗಿದೀಯಾ ಅಂದವನೇ ಅವನು?”

“ನಿನ್ನನ್ನ ಕಂಡ್ರೆ ಎಲ್ರೂ ಬಾಯಿ ಮುಚ್ಚುತಾರೆ ಲವೋನ್. ಅವನು ಮುಷ್ಟಿ ಮುಚ್ಚಿದ.”

ಮಾತಿಗೆ ಹಾಗೆ ಅಂದಳು. ಆದರೆ ಆ ಮುಚ್ಚಿದ ಮುಷ್ಟಿ ಅವಳ ಎದೆಯೊಳಗೆ ಹೋಗಿ ಕೂತಿತು.

ಶನಿವಾರ ಬೆಳಗ್ಗೆ ಟ್ರೀನಾ ಕಾರನ್ನು ಅಭ್ಯಾಸಕ್ಕೆ ಓಡಿಸಿ ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದಳು. ಕಾರು ಚೆನ್ನಾಗಿ ಓಡಿತ್ತು. ಎಲ್ಲರ ಮುಖದಲ್ಲೂ ಗೆಲುವು. ಆರ್ವೆಲ್ ಕಿಟಕಿಯೊಳಗೆ ಅರ್ಧ ಮೈ ತೂರಿಸಿ, ಸಡಿಲವಾಗಿದ್ದ ರೇಡಿಯೋ ತಂತಿಯನ್ನು ಬಿಗಿದು ಕಟ್ಟಿ, ಟೀ ಕುಡಿಯಲು ಹೋದ. ಅವನು ಹೋದ ಮೇಲೆ ಹಾಯ್ಟ್ ಪೆಡಲು ನೋಡಲೆಂದು ಬಗ್ಗಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.

“ವೀಡಾ, ಇಲ್ಲಿ ಬಾ” ಎಂದ. ದನಿ ಬದಲಾಗಿತ್ತು.

ಸೀಟಿನ ಕೆಳಗೆ, ಕಬ್ಬಿಣದ ನೆಲದ ಮೇಲೆ, ಒಡೆದ ಕಡಲೆಕಾಯಿ ಸಿಪ್ಪೆ ಬಿದ್ದಿತ್ತು.

ಹಾಯ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಸಾವಿನ ಮನೆಗೆ ಹೋದವನ ಹಾಗೆ. “ಯಾರು ತಂದಿದ್ದು? ನಮ್ಮ ಹುಡುಗರು ತರಲ್ಲ. ನಾನು ತರಲ್ಲ.”

ವೀಡಾ ಸಿಪ್ಪೆಯನ್ನು ಕರವಸ್ತ್ರದಲ್ಲಿ ಸುತ್ತಿ ಸೊಂಟದ ಚೀಲಕ್ಕೆ ಹಾಕಿಕೊಂಡಳು. “ಕೊನೇಲಿ ಒಳಗೆ ಕೈ ಹಾಕಿದ್ದು ಯಾರು?” ಎಂದಳು.

“ಆರ್ವೆಲ್ಲು.” ಅಂದ ಮೇಲೆ ಹಾಯ್ಟ್‌ಗೆ ಅವಳ ಮುಖ ಕಂಡಿತು. “ಏ, ಅದೆಲ್ಲ ಬೇಡ. ಆರ್ವೆಲ್ ಕಣೇ ಅವನು! ಟ್ರೀನಾಳ ಹಾಲುಹಲ್ಲು ಕಿತ್ತವನು.”

“ಹಲ್ಲು ಕಿತ್ತವನಿಗೆ ಅಕ್ಕ ಇರಲ್ವಾ? ಅಕ್ಕನಿಗೆ ಮಗ ಇರಲ್ವಾ?”

“ನಿನ್ನ ಬಾಯಿಗೆ ಬೀಗ ಹಾಕ್ಕೋ. ರೇಸಿನ ದಿವಸ.”

ಹಾಯ್ಟ್ ಕಾರನ್ನು ಒಳಗೆಲ್ಲ ಕುಂಚ ಆಡಿಸಿ ಗುಡಿಸಿದ. ವೀಡಾ ಬಾಯಿಗೆ ಬೀಗ ಹಾಕಿಕೊಂಡಳು, ಕಣ್ಣಿಗೆ ಹಾಕಿಕೊಳ್ಳಲಿಲ್ಲ. ಬಿಸಿ ಬನ್ನು ಸೀಳಿ, ಮಾಂಸದ ಗ್ರೇವಿ ಸುರಿದು, ತಟ್ಟೆ ಹಿಡಿದುಕೊಂಡು ಆರ್ವೆಲ್ ಕೂತಿದ್ದ ಕಡೆಗೆ ತಾನೇ ನಡೆದಳು.

“ನೀವೇ ತಂದ್ರಾ ವೀಡಕ್ಕ! ಏನು ವಿಶೇಷ?”

“ತಿನ್ನು. ಕಡಲೆಕಾಯಿ ಇದ್ದಿದ್ರೆ ಅದನ್ನೂ ತರ್ತಿದ್ದೆ.”

ಆರ್ವೆಲ್ ತುತ್ತು ಕೈಯಲ್ಲೇ ಹಿಡಿದು ನಕ್ಕ. “ಇಲ್ಲಿ ತಂದ್ರೆ ಹಾಯ್ಟಣ್ಣ ನಮ್ಮಿಬ್ರನ್ನೂ ಬೇಲಿ ಆಚೆ ಎಸೀತಾನೆ.”

ಆ ನಗುವನ್ನು ವೀಡಾ ಅಂಗಡಿಯ ಮೊಟ್ಟೆಯ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು. ಒಳಗೆ ಏನೋ ಅಲ್ಲಾಡಿತು ಅನ್ನಿಸಿತು.

“ನಿನ್ನೆ ಬ್ರ್ಯಾಂಟ್ ಸಿಕ್ಕಿದ್ನಂತೆ.”

“ಸಿಕ್ಕಿದ್ದ. ನಾನೇ ಹೋಗಿದ್ದೆ. ಕೊನೇ ಸುತ್ತುಗಳಲ್ಲಿ ನಮ್ಮ ಹುಡುಗಿ ಬೆನ್ನಿಗೆ ನಿಂತ್ಕೊಳೋ, ಬಿಟ್ಟು ಹೋಗ್ಬೇಡ ಅಂತ ಕೇಳ್ದೆ. ಎಲ್ಲಿ ಮೇಲೆ ಹೋಗ್ತೀವಿ, ಎಲ್ಲಿ ಕೆಳಗೆ ಬರ್ತೀವಿ ಅಂತ ಕೈ ಮೇಲೆ ಬರೆದು ತೋರಿಸ್ದೆ. ಒಪ್ಕೊಂಡ.” ಅವನು ಬನ್ನು ಕೆಳಗಿಟ್ಟ. “ಅದ್ಯಾಕೆ ನನ್ನ ಮುಖದಲ್ಲಿ ಏನೋ ಹುಡುಕ್ತಿದೀರಾ ವೀಡಕ್ಕ? ಗ್ರೇವಿ ಅಂಟಿದ್ಯಾ?”

“ಇಲ್ಲ. ತಿನ್ನು.”

ಕೇಳದೆಯೇ ಇಷ್ಟೆಲ್ಲ ಏಕೆ ಹೇಳಿದ? ಸತ್ಯ ಹೇಳುವವರು ಚುಟುಕಾಗಿ ಹೇಳುತ್ತಾರೆ. ಅಕ್ಕನ ಮಗ ಗೆಲ್ಲುವುದನ್ನು ಬಿಟ್ಟು ಮಾಮನ ಮಾತಿಗೆ ಬೇರೆಯವರ ಮಗಳನ್ನು ತಳ್ಳುತ್ತಾನೆಯೇ? ವೀಡಾ ತಟ್ಟೆ ತೊಳೆದಳು. ಮತ್ತೊಮ್ಮೆ ತೊಳೆದಳು. ಅಷ್ಟರಲ್ಲಿ ತೀರ್ಮಾನ ಮಾಡಿದ್ದಳು.

ಹಾಡು, ಪ್ರಾರ್ಥನೆ, ಬಾವುಟ ಎಲ್ಲ ಮುಗಿದು ಓಡಿಸುವವರೆಲ್ಲ ಕಾರುಗಳ ಪಕ್ಕ ನಿಂತಿದ್ದಾಗ, ಹೆಲ್ಮೆಟ್ ಚೀಲದ ಗಂಟು ಬಿಚ್ಚುವ ನೆಪದಲ್ಲಿ ಮಗಳ ಕಿವಿಗೆ ಬಾಯಿಟ್ಟಳು.

“ಆರ್ವೆಲ್ ಹೋಗು ಅಂದ್ರೆ, ಒಂದು ಸಲ ಕನ್ನಡೀಲಿ ನೋಡ್ಕೊಂಡು ಹೋಗು.”

ಟ್ರೀನಾ ತಾಯಿಯನ್ನು ದಿಟ್ಟಿಸಿದಳು. “ಏನಮ್ಮ ಹಂಗಂದ್ರೆ?”

“ಬ್ರ್ಯಾಂಟ್ ಅವನ ರಕ್ತ. ನೀನು ಅಲ್ಲ. ಬೆಳಗ್ಗೆ ಕಾರಲ್ಲಿ ಸಿಪ್ಪೆ ಸಿಕ್ತು.”

“ಅಮ್ಮಾ, ಅಲ್ಲಿ ನೋಡ್ಕೊಳ್ಳೋಕೆ ಟೈಮೆಲ್ಲಿರತ್ತೆ? ಆರ್ವೆಲ್ ಮಾಮ ಹೇಳಿದ ಕೂಡ್ಲೇ ಕೈ ತಾನಾಗೇ ತಿರುಗತ್ತೆ. ಯೋಚನೆ ಮಾಡಿದ್ರೆ ಮುಗೀತು.”

“ಒಂದೇ ಸಲ. ಕಣ್ಣು ಎತ್ತಿ ಇಳಿಸು ಸಾಕು. ನನಗೋಸ್ಕರ.”

ಮಗಳು ಹೆಲ್ಮೆಟ್ ತೆಗೆದುಕೊಂಡು ಕಿಟಕಿಯಿಂದ ಒಳಗೆ ಇಳಿದಳು. ಹಾಯ್ಟ್ ಸೀಟಿನ ಪಟ್ಟಿ ಬಿಗಿದು ಕಿಟಕಿಯ ಬಲೆಯನ್ನು ಮೇಲಕ್ಕೆಳೆದು ಸಿಕ್ಕಿಸಿದ.

ವೀಡಾ ಬಿಡಾರದ ಲಾರಿಯ ನೆತ್ತಿ ಹತ್ತಿ, ತಂಡಗಳ ರೇಡಿಯೋ ಮಾತು ಕೇಳಿಸುವ ಸ್ಕ್ಯಾನರ್‌ನ ಹೆಡ್‌ಫೋನನ್ನು ಕಿವಿಗೇರಿಸಿ ಕೂತಳು. ಬಹಳ ಜನ ಅದನ್ನು ಖುಷಿಗೆ ಕೇಳುತ್ತಾರೆ. ವೀಡಾ ಕೇಳುತ್ತಿದ್ದದ್ದು ಕಳ್ಳನ ಹೆಜ್ಜೆ ಕೇಳುವ ಹಾಗೆ. ಕಾರುಗಳು ಗೋಡೆಯಂತೆ ಎದ್ದ ತಿರುವುಗಳಲ್ಲಿ ಒಂದಕ್ಕೊಂದು ಅಂಟಿಕೊಂಡು, ಇರುವೆ ಸಾಲಿನ ಹಾಗೆ, ಮೂರು ಸಾಲಾಗಿ ಸುತ್ತುತ್ತಿದ್ದವು. ಪ್ರತಿ ಸಲ ಹಾದುಹೋದಾಗ ಲಾರಿ ಗಡಗಡ ನಡುಗುತ್ತಿತ್ತು. ಕಿವಿಯಲ್ಲಿ ಆರ್ವೆಲ್‌ನ ದನಿ ಮಾತ್ರ ತಣ್ಣಗೆ, “ಕೆಳಗೊಬ್ಬ... ಇನ್ನೂ ಇದಾನೆ... ಖಾಲಿ. ಚೆನ್ನಾಗಿದೆ ಮಗಳೇ” ಎನ್ನುತ್ತಿತ್ತು. ಅವನು ‘ಚೆನ್ನಾಗಿದೆ’ ಎಂದಾಗಲೆಲ್ಲ ವೀಡಾ ಏನು ಚೆನ್ನಾಗಿದೆ, ಯಾರಿಗೆ ಚೆನ್ನಾಗಿದೆ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದಳು.

ರೇಸು ಮುಗಿಯಲು ಇನ್ನು ಕೆಲವೇ ಸುತ್ತುಗಳಿದ್ದಾಗ ಟ್ರೀನಾ ಮೂರನೆಯವಳಾಗಿದ್ದಳು. ಅವಳ ಬೆನ್ನಿಗೆ ಬ್ರ್ಯಾಂಟನ ಕಿತ್ತಳೆ ಬಣ್ಣದ ಕಾರು.

“ಬ್ರ್ಯಾಂಟ್ ಬಂದ. ತಳ್ಳುತ್ತಾನೆ. ಹೆದರಬೇಡ” ಎಂದ ಆರ್ವೆಲ್.

ತಳ್ಳುತ್ತಾನೋ, ತಳ್ಳಿಬಿಡುತ್ತಾನೋ. ವೀಡಾ ಲಾರಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಗ್ಯಾಲರಿಯಿಂದ ಆಚೆ ಬದಿಯ ನೇರ ಹಾದಿಯಲ್ಲಿ ಮುಂದಿನ ಕಾರು ಬಾಲ ಅಲ್ಲಾಡಿಸಿತು. “ಮುಂದಿನವನು ಜಾರ್ತಿದಾನೆ. ಮೇಲೆ ಖಾಲಿ. ಮೇಲೆ ಹೋಗು. ಈಗ” ಎಂದಿತು ದನಿ.

ಟ್ರೀನಾಳ ಕಾರು ಮೇಲೆ ಹೋಗಲಿಲ್ಲ. ಕಣ್ಣು ಎತ್ತಿ ಇಳಿಸುವಷ್ಟು ಹೊತ್ತು ಇದ್ದಲ್ಲೇ ಇತ್ತು. ಆಮೇಲೆ ಹೊರಳಿತು. ಅಷ್ಟರಲ್ಲಿ ಮುಂದಿನ ಕಾರು ಅಡ್ಡ ತಿರುಗಿ ಅವಳ ಮೂತಿಗೆ ಬಡಿದಿತ್ತು. ಅವಳ ಕಾರು ಗಿರಗಿರನೆ ಸುತ್ತಿ, ಓಡಿಸುವವರು ಕೂರುವ ಮಗ್ಗುಲನ್ನು ಹಿಂದಿನವರಿಗೆ ಒಡ್ಡಿ ನಿಂತಿತು. ನೇರ ಅದರ ಮೇಲೆ ಬರುತ್ತಿದ್ದವನು ಬ್ರ್ಯಾಂಟ್. ಕಿತ್ತಳೆ ಕಾರು ಒಂದೇ ಏಟಿಗೆ ಬಲಕ್ಕೆ ತಿರುಗಿತು. ತಾನಾಗಿ ಗೋಡೆಗೆ ಹೋಗಿ ಗುದ್ದಿತು. ಅದರ ಹಿಂದೆ ಹೊಗೆ, ಕಿಡಿ, ಒಂದರ ಮೇಲೊಂದು ಕಾರು.

“ಟ್ರೀನಾ” ಎಂದ ಆರ್ವೆಲ್. “ಟ್ರೀನಾ, ಮಾತಾಡು.”

ಕಿವಿಯಲ್ಲಿ ಏನೂ ಇಲ್ಲ.

“ಮಾತಾಡು ಮಗಳೇ. ಬಲೆ ಇಳಿಸು. ಬಲೆಯಾದ್ರೂ ಇಳಿಸು.”

ಕಿಟಕಿಯ ಬಲೆ ಇಳಿದರೆ ಒಳಗಿನವರಿಗೆ ಪ್ರಾಣವಿದೆ ಎಂದರ್ಥ. ವೀಡಾ ಆ ಬಲೆಯನ್ನು ನೋಡಿದಳು. ಬದುಕಿನಲ್ಲಿ ಅವಳು ಅಷ್ಟು ನಂಬಿ ಏನನ್ನೂ ನೋಡಿರಲಿಲ್ಲ. ಅದು ಇಳಿಯಲಿಲ್ಲ. ಹೊಗೆ ತೆಳ್ಳಗಾಯಿತು. ಅದು ಇಳಿಯಲಿಲ್ಲ. ಆಮೇಲೆ ಒಂದು ಮೂಲೆ ಅಲ್ಲಾಡಿತು. ಬಲೆ ನಿಧಾನವಾಗಿ, ಸೊಟ್ಟಗೆ, ಕೆಳಗೆ ಬಿತ್ತು. ಎಡಗೈ ಮುರಿದಿತ್ತು, ಬಲಗೈಯಲ್ಲಿ ಇಳಿಸಿದ್ದಳು.

ರೇಸಿನ ಆಸ್ಪತ್ರೆಯ ಕೋಣೆಗೆ ಆರ್ವೆಲ್ ಅಷ್ಟೆತ್ತರದಿಂದ ಇಳಿದು ಓಡಿ ಬಂದ. ಅವನಿಗೆ ಏದುಸಿರು ಹತ್ತಿತ್ತು. ಬ್ರ್ಯಾಂಟ್ ಪಕ್ಕದ ಹಾಸಿಗೆಯಲ್ಲಿ ಪಕ್ಕೆ ಹಿಡಿದುಕೊಂಡು ಕೂತಿದ್ದ. ಆರ್ವೆಲ್ ಅವನ ತಲೆ ಮುಟ್ಟಿ ಟ್ರೀನಾಳ ಹತ್ತಿರ ಬಂದ.

“ನಾನು ಹೇಳಿದ್ದು ಕೇಳಿಸ್ಲಿಲ್ವಾ ಮಗಳೇ? ತಡವಾಗಿ ಬಂತಾ?”

ಟ್ರೀನಾ ತಾಯಿಯ ಕಡೆ ಒಂದೇ ಒಂದು ಸಲ ನೋಡಿದಳು. “ಹೂಂ ಮಾಮಾ. ಗರಗರ ಅಂದುಬಿಡ್ತು.”

“ಥೂ, ಆ ತಂತಿ. ಬೆಳಗ್ಗೆ ಸಡಿಲ ಇತ್ತು, ನಾನೇ ಕಟ್ಟಿದ್ದು.” ಆರ್ವೆಲ್ ತಂತಿ ಬಿಗಿಯುವ ಹಾಗೆ ಎರಡು ಬೆರಳನ್ನು ತಿರುವಿದ. “ನಾನೇ ಕಟ್ಟಿದ್ದು.”

ವೀಡಾ ಸೊಂಟದ ಚೀಲದೊಳಗಿನ ಕರವಸ್ತ್ರವನ್ನು ಮುಟ್ಟಿಕೊಂಡಳು. ಬ್ರ್ಯಾಂಟ್ ತಾನಾಗಿ ಗೋಡೆಗೆ ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹಾಗಾದರೆ ಸಿಪ್ಪೆ? ಸಿಪ್ಪೆ ಇನ್ನೂ ಅವಳ ಚೀಲದಲ್ಲೇ ಇತ್ತಲ್ಲ. ಅದನ್ನು ಯಾರಾದರೂ ಹಾಕಿರಲೇಬೇಕಲ್ಲ.

ಸೋಮವಾರ ಹಾಯ್ಟ್ ಮುದ್ದೆಯಾದ ಕಾರನ್ನು ಷೆಡ್ಡಿಗೆ ತಂದ. ವೀಡಾ ಸೀಟಿನ ಗವಸು ಬಿಚ್ಚಿಕೊಂಡು ಒಗೆಯುವ ಕಲ್ಲಿನ ಹತ್ತಿರ ಹೋದಳು. ಅದರ ಅಂಚನ್ನು ಪಟ್ಟಿ ತೂರಿಸುವುದಕ್ಕೆಂದು ಎರಡು ಪದರ ಮಡಚಿ ಹೊಲಿದಿದ್ದಳು. ಸೋಪು ಹಚ್ಚುವಾಗ ಮಡಿಕೆಯೊಳಗೆ ಬೆರಳಿಗೆ ಗಂಟು ಸಿಕ್ಕಿತು. ಒಳಗಿನದನ್ನು ಹೊರಗೆ ಮಾಡಿ ಕೊಡವಿದಳು. ಎರಡು ಇಡೀ ಕಡಲೆಕಾಯಿ ಕಲ್ಲಿನ ಮೇಲೆ ಬಿದ್ದವು, ಜತೆಗೆ ಒಂದಿಷ್ಟು ಪುಡಿ ಸಿಪ್ಪೆ. ಕಾಯಿಗೆ ಕೆಂಪು ಮಣ್ಣು ಅಂಟಿತ್ತು. ಮೂರು ಬೀಜದ ಉದ್ದ ಕಾಯಿ, ಅವಳ ತಾಯಿಯ ಕಾಲದಿಂದ ಅವಳ ಹಿತ್ತಲಲ್ಲಿ ಮಾತ್ರ ಬೆಳೆಯುವ ತಳಿ.

ಆಗಲೂ ಅವಳಿಗೆ ಮೊದಲು ಬಂದ ಯೋಚನೆ, ಇದನ್ನು ಯಾರು ನಮ್ಮ ಹಿತ್ತಲಿಗೆ ಬಂದು ಮಾಡಿದರು ಎಂಬುದೇ.

ತಂತಿಯ ಮೇಲೆ ದಿಂಬಿನ ಚೀಲವೊಂದನ್ನು ಒಣಗಹಾಕಿ, ಅಡಿಗೆಮನೆಯ ಕಿಟಕಿಯ ಮರೆಯಲ್ಲಿ ಕೂತಳು. ಮನುಷ್ಯರನ್ನು ಹಿಡಿಯಲೆಂದು ಕೂತವಳು. ಸ್ವಲ್ಪ ಹೊತ್ತಿಗೆ ನೀಲಿ ಜುಟ್ಟಿನ ಹಕ್ಕಿಯೊಂದು ಬೇಲಿಯಿಂದ ಇಳಿಯಿತು. ಬೋರಲು ಹಾಕಿದ ಗಿಡಗಳಿಂದ ಒಂದು ಕಾಯಿ ಕಿತ್ತಿತು, ಭಾರ ನೋಡುವ ಹಾಗೆ ಕೊಕ್ಕಿನಲ್ಲಿ ಅಲ್ಲಾಡಿಸಿತು. ಬೇಡವೆಂದು ಅದನ್ನು ಬಿಟ್ಟು ಇನ್ನೊಂದನ್ನು ಆರಿಸಿತು. ಸುತ್ತಮುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕತ್ತು ಹೊರಳಿಸಿ ನೋಡಿ, ತಂತಿಗೆ ಹಾರಿ, ದಿಂಬಿನ ಚೀಲದ ಮಡಿಕೆಯೊಳಗೆ ಕಾಯಿಯನ್ನು ತುರುಕಿ, ಕೊಕ್ಕಿನಿಂದ ಟಕಟಕ ಕುಟ್ಟಿ ಭದ್ರ ಮಾಡಿತು.

ಒಲೆಯ ಮೇಲೆ ಸೊಪ್ಪು ತಳಹಿಡಿದ ವಾಸನೆ ಬಂತು.

ಆರ್ವೆಲ್‌ನ ಜಗಲಿಗೆ ಅವಳು ಹೋದಾಗ ಅವನು ಹಳೇ ಪತ್ರಿಕೆ ಹಾಸಿ, ರೇಡಿಯೋ ಪೂರ್ತಿ ಬಿಚ್ಚಿ, ತಿರುಪುಗಳನ್ನು ಬಾಟಲಿ ಮುಚ್ಚಳದಲ್ಲಿ ಹಾಕಿಕೊಂಡು ಕೂತಿದ್ದ. ಕಣ್ಣು ಕೆಂಪಗಿದ್ದವು.

“ಸಿಕ್ತಾ?” ಎಂದಳು ವೀಡಾ.

“ಇಲ್ಲ ವೀಡಕ್ಕ. ಎಲ್ಲ ಸರಿ ಇದೆ. ಅದೇ ಗೊತ್ತಾಗ್ತಿಲ್ಲ. ಸರಿ ಇರೋದು ಹ್ಯಾಗೆ ಗರಗರ ಅಂತು?”

ವೀಡಾ ಕರವಸ್ತ್ರ ಬಿಚ್ಚಿ ಸಿಪ್ಪೆಯನ್ನೂ ಎರಡು ಕಾಯಿಯನ್ನೂ ಪತ್ರಿಕೆಯ ಮೇಲಿಟ್ಟಳು. “ಸಿಪ್ಪೆ ನನ್ನ ಹಿತ್ತಲದು. ಹಕ್ಕಿ ಗವಸಲ್ಲಿ ಬಚ್ಚಿಟ್ಟಿತ್ತು, ಟ್ರೀನಾ ಕೂತಾಗ ಒಡೆದು ಕೆಳಗೆ ಬಿತ್ತು. ನಾನು ನೀನು ಹಾಕಿದೆ ಅಂದ್ಕೊಂಡೆ. ಟ್ರೀನಾಗೆ, ನೀನು ಹೋಗು ಅಂದ್ರೆ ಕನ್ನಡಿ ನೋಡ್ಕೊಂಡು ಹೋಗು ಅಂದೆ. ಅವಳು ನೋಡಿದ್ಲು.”

ಆರ್ವೆಲ್ ಕಾಯಿಗಳನ್ನು ನೋಡಿದ. ಅವಳನ್ನು ನೋಡಲಿಲ್ಲ. ತಿರುಪೊಂದನ್ನು ಎತ್ತಿಕೊಂಡು ಬೆರಳುಗಳ ನಡುವೆ ಉರುಳಿಸುತ್ತ ಕೂತ.

“ಬ್ರ್ಯಾಂಟ್ ಪಕ್ಕೆಲುಬು ಮುರ್ಕೊಂಡ” ಎಂದ.

“ಗೊತ್ತು.”

“ಬೈದಿದ್ರೆ ಚೆನ್ನಾಗಿತ್ತು ನೀವು. ನನ್ನ ಮುಖಕ್ಕೇ ಅಂದಿದ್ರೆ, ‘ಲೋ ಆರ್ವೆಲ್, ನೀನು ಕಳ್ಳ’ ಅಂತ, ಜಗಳ ಆಡಿ ಮುಗಿಸ್ತಿದ್ವಿ. ಅವಳ ಕಿವೀಲಿ ಯಾಕೆ ಹೇಳೋಕೆ ಹೋದ್ರಿ? ಆ ವೇಗದಲ್ಲಿ ಒಂದು ಕಿವೀಲಿ ಇಬ್ರು ಕೂರೋಕಾಗಲ್ಲ ವೀಡಕ್ಕ. ಒಬ್ರು ಇಳೀಬೇಕು.”

“ನಾನು ಇಳಿದೆ.”

“ನನ್ನ ಹತ್ರ ಹೇಳಿದ್ರೆ ಇಳಿದ ಹಾಗಾಗಲ್ಲ. ಅವಳ ಹತ್ರ ಹೇಳಿ. ನನ್ನ ಮುಂದೆ.”

ಆ ಸಂಜೆ ಲ್ಯಾಕಿಯವರ ಅಡಿಗೆಮನೆಯ ಮೇಜಿನಲ್ಲಿ, ತಳಹಿಡಿದ ಸೊಪ್ಪು ಮತ್ತು ಮೆಕ್ಕೆಜೋಳದ ರೊಟ್ಟಿಯ ಮುಂದೆ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮಗಳಿಗೆ ವೀಡಾ ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಅದು ಅವಳಿಗೆ ಎಷ್ಟು ಕಷ್ಟವಾಯಿತೆಂದರೆ, ಹಾಯ್ಟ್ ಕೇಳಲಾರದೆ ಎದ್ದುಹೋಗಿ ಐಸ್ ಟೀ ತುಂಬಿಕೊಂಡು ಬಂದ, ಯಾರ ಲೋಟವೂ ಖಾಲಿಯಾಗಿರದಿದ್ದರೂ.

“ಹಕ್ಕೀನಾ?” ಎಂದಳು ಟ್ರೀನಾ.

“ಹಕ್ಕಿ.”

ಟ್ರೀನಾಗೆ ನಗು ಬಂತು. ನಕ್ಕರೆ ಕೈ ನೋಯುತ್ತದೆಂದು ತುಟಿ ಕಚ್ಚಿಕೊಂಡಳು. ಆಮೇಲೆ ಆರ್ವೆಲ್‌ನ ಕಡೆ ತಿರುಗಿ, “ರೇಡಿಯೋ ಚೆನ್ನಾಗೇ ಇತ್ತು ಮಾಮಾ. ನಿನ್ನ ಮಾತು ಗಂಟೆ ಬಾರಿಸಿದ ಹಾಗೆ ಕೇಳಿಸ್ತು. ಸುಳ್ಳು ಹೇಳಿದ್ದು ನಾನು” ಎಂದಳು.

“ಗೊತ್ತಾಯ್ತು ಬಿಡು. ಬಿಚ್ಚಿದ ಮೇಲೆ ಗೊತ್ತಾಯ್ತು.”

“ಮತ್ತೆ ಬರ್ತೀಯಾ?”

ಆರ್ವೆಲ್ ರೊಟ್ಟಿ ಮುರಿದ. “ಪ್ಲಾಸ್ಟರ್ ಬಿಚ್ಚಲಿ. ಮೊದಲು ಮಣ್ಣಿನ ಟ್ರ್ಯಾಕು. ನಾನು ಹೋಗು ಅಂತೀನಿ. ನಿನ್ನ ಕಣ್ಣು ಎತ್ತ ಹೋಗತ್ತೆ ಅಂತ ಕಾರು ನೋಡಿದ್ರೆ ನಂಗೆ ಗೊತ್ತಾಗತ್ತೆ. ಕನ್ನಡಿಗೆ ಹೋದ್ರೆ ನಾನು ಇಳೀತೀನಿ, ಇನ್ನೊಬ್ರನ್ನ ಹುಡುಕ್ಕೊಳಿ.” ಆಮೇಲೆ ತಟ್ಟೆಯನ್ನು ವೀಡಾಳ ಕಡೆ ನೂಕಿದ. “ಸೊಪ್ಪು ಹೊತ್ತಿದೆ. ಆದ್ರೂ ಇನ್ನೊಂದು ಸ್ವಲ್ಪ ಹಾಕಿ.”

ವೀಡಾ ಆಮೇಲೆ ಬದಲಾದಳು ಎಂದರೆ ಅವಳನ್ನು ಬಲ್ಲವರು ನಂಬುವುದಿಲ್ಲ. ಮೊಟ್ಟೆಯನ್ನು ಇಂದಿಗೂ ಅಲ್ಲಾಡಿಸಿ ನೋಡುತ್ತಾಳೆ. ಪಾದ್ರಿಯ ಮೇಲೆ ಒಂದು ಕಣ್ಣು ಇದ್ದೇ ಇದೆ. ಸ್ಕ್ಯಾನರ್ ಅಡಿಗೆಮನೆಯ ಮೇಲಿನ ಹಲಗೆಯಲ್ಲಿದೆ, ಅದರ ಬ್ಯಾಟರಿಗಳನ್ನು ಮಾತ್ರ ತೆಗೆದು ಟಾರ್ಚಿಗೆ ಹಾಕಿದ್ದಾಳೆ. ಲವೋನ್ ಫೋನು ಮಾಡಿ, ‘ಏನಾಯ್ತಂತೆ, ಏನೋ ಕೇಳ್ದೆ’ ಎಂದಾಗ, “ಸಕ್ಕರೆ ಬೇಕಿತ್ತಾ?” ಎಂದು ಕೇಳಿ ಫೋನು ಇಟ್ಟಳು.

ಆ ಊಟದ ಮರುದಿನ ಬೆಳಗ್ಗೆ ಗವಸಿನ ಮಡಿಕೆಯ ಎರಡೂ ಬಾಯಿಗಳನ್ನು ಪಟ್ಟಿ ಹೋಗುವಷ್ಟೇ ಬಿಟ್ಟು ಬಿಗಿಯಾಗಿ ಹೊಲಿದಳು. ಹೊಲಿಗೆಯನ್ನು ಎಳೆದು ನೋಡಿದಳು, ಇನ್ನೊಮ್ಮೆ ಎಳೆದು ನೋಡಿದಳು. ಆಮೇಲೆ ಬಕೆಟ್ಟಿನಲ್ಲಿ ಅದ್ದಿ, ಉಜ್ಜಿ, ಹಿಂಡಿ, ಹಿತ್ತಲಿಗೆ ಒಯ್ದಳು. ಬೇಲಿಯ ಮೇಲೆ ನೀಲಿ ಜುಟ್ಟಿನ ಹಕ್ಕಿ ಏನೂ ಗೊತ್ತಿಲ್ಲದ ಹಾಗೆ ರೆಕ್ಕೆ ಕೆರೆದುಕೊಳ್ಳುತ್ತಿತ್ತು. ವೀಡಾ ಅದರ ಕಡೆಗೊಂದು ಕಣ್ಣಿಟ್ಟುಕೊಂಡೇ ಗವಸನ್ನು ಕೊಡವಿ ತಂತಿಯ ಮೇಲೆ ಹರವಿ, ಕ್ಲಿಪ್ಪು ಸಿಕ್ಕಿಸಿದಳು.